ಪಾಟಿಯ ಪುಡಿ ಎಲ್ಲಿ ಹೋಯಿತು

ನಮ್ಮೂರಿನ ಪಾಟಿಗಳ ಬಗ್ಗೆ ಪರವೂರಿನವರು ಯಾರಾದರೂ ಕೇಳಿದರೆ ನಾನು ಮೊದಲು ಅವರ ಚೀಲ ನೋಡುತ್ತೇನೆ. ಕೇಳುವುದಕ್ಕೆ ಏನೋ ಕಾರಣ ಇದ್ದೇ ಇರುತ್ತದೆ. ಖಣಿಯ ನಾಕಾದಲ್ಲಿ ಹರೆಯದಿಂದ ತಲೆ ನರೆಯುವ ತನಕ ತಪಾಸಣೆಗೆ ನಿಂತವನು ನಾನು. ಹೊರಗೆ ಹೋಗುವವರ ಸೊಂಟ, ಬುತ್ತಿಗಂಟು, ರುಮಾಲಿನ ಸುತ್ತು ಎಲ್ಲವನ್ನೂ ತಡವಿಯೇ ಬಿಟ್ಟಿದ್ದೇನೆ. ಈಗ ನಿವೃತ್ತಿಯಾಗಿದೆ, ಆದರೂ ಬೀದಿಯಲ್ಲಿ ಯಾರಾದರೂ ಎದುರಾದರೆ ನನ್ನ ಕಣ್ಣು ಮೊದಲು ಅವರ ಸೊಂಟಕ್ಕೆ ಹೋಗುತ್ತದೆ, ಆಮೇಲೆ ಮುಖಕ್ಕೆ. ಊರವರು ನನ್ನನ್ನು ನಾಕಾ ಮುರಿಗೆಪ್ಪ ಎನ್ನುತ್ತಾರೆ. ಹೆಂಡತಿ ಕಾಶವ್ವ ಇನ್ನೂ ಏನೇನೋ ಅನ್ನುತ್ತಾಳೆ, ಅದು ಇಲ್ಲಿ ಬೇಡ.

ಪಾಟಿ ನಮ್ಮ ಖಣಿಯಲ್ಲಿ ಸಿಗುವ, ಬರೆದರೆ ಉತ್ತರ ಕೊಡುವ ಕಲ್ಲು. ಮೇಲಿನ ಪದರದಲ್ಲಿ ಸಿಕ್ಕಿದ್ದು ನಮ್ಮಜ್ಜನ ಕಾಲದ ಪಾಟಿ, ಹೊಸ್ತಿಲಿನಷ್ಟು ದಪ್ಪ. ತೊಡೆಯ ಮೇಲಿಟ್ಟುಕೊಂಡರೆ ಸ್ವಲ್ಪ ಹೊತ್ತಿಗೆ ತೊಡೆ ಬಿಸಿಯಾಗಿ ಕಾಲು ಜೋಮು ಹಿಡಿಯುತ್ತಿತ್ತಂತೆ. ಕಬ್ಬಿಣದ ಕಡ್ಡಿಯಿಂದ ಗೀಚಿದರೆ ಮಾತ್ರ ಅದಕ್ಕೆ ತಿಳಿಯುತ್ತಿತ್ತು, ಅದೂ ಅರ್ಧಂಬರ್ಧ. ಅಜ್ಜ ಜೋಳದ ದರ ಕೇಳಿ ಬರೆದರೆ ಅದು ಸತ್ತ ಸೋದರಮಾವನ ಕ್ಷೇಮ ಹೇಳುತ್ತಿತ್ತು. ಮಧ್ಯಾಹ್ನಕ್ಕೆಲ್ಲ ಸುಸ್ತಾಗಿ ಕಪ್ಪಾಗುವುದು. ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಟ್ಟರೆ ಮತ್ತೆ ಚೇತರಿಸಿಕೊಳ್ಳುವುದು. ಜನ ಬೇಸತ್ತು ಒಂದೊಂದನ್ನೇ ಅಡುಗೆಮನೆಗೆ ಸೇರಿಸಿದರು. ನಮ್ಮ ಮನೆಯದು ಉಪ್ಪಿನಕಾಯಿ ಭರಣಿಯ ಮೇಲೆ ಕೂತಿತು. ಯಾವ ಬೆಕ್ಕಿಗೂ ಅದನ್ನು ಸರಿಸುವ ತಾಕತ್ತು ಇರಲಿಲ್ಲ.

ನನ್ನ ಚಿಕ್ಕಂದಿನಲ್ಲಿ ನಡುವಿನ ಪದರದ ಪಾಟಿ ಬಂದವು. ಅಂಗೈಯಗಲದವು, ಜೊತೆಗೆ ಊದುಬತ್ತಿಯಂಥ ಕಡ್ಡಿ. ಊರಿನ ಗಂಡಸರೆಲ್ಲ ಮಂಚದ ಕೆಳಗೆ ಬಗ್ಗಿ ಕಡ್ಡಿ ಹುಡುಕುತ್ತಿದ್ದುದೇ ಆ ಕಾಲದ ಬಗ್ಗೆ ನನಗಿರುವ ನೆನಪು. ಆಮೇಲೆ ಕೆಳಪದರ ತೆರೆಯಿತು. ಆ ಪಾಟಿಗೆ ಕಡ್ಡಿ ಬೇಡ, ಬೆರಳು ಸಾಕು. ಮುಟ್ಟಿದರೆ ಎಚ್ಚರಾಗುತ್ತದೆ, ಜಾರಿಸಿದರೆ ಜಾರುತ್ತದೆ, ನೀವು ಬರೆದದ್ದು, ಹಾಡಿದ್ದು, ನೋಡಿದ್ದು ಎಲ್ಲವನ್ನೂ ಇಟ್ಟುಕೊಳ್ಳುತ್ತದೆ. ಅತ್ತ ಕನ್ನಡಿಯಲ್ಲ, ಇತ್ತ ಪುಸ್ತಕವಲ್ಲ, ಇದು ಯಾರಿಗೆ ಬೇಕು ಎಂದು ನಮ್ಮ ಮಾವನವರು ಕಟ್ಟೆಯ ಮೇಲೆ ಕೂತು ನಕ್ಕಿದ್ದರು. ಅದೇ ಬೇಸಿಗೆ ಮುಗಿಯುವುದರೊಳಗೆ ಅವರು ಹಾಸಿಗೆಯಲ್ಲೂ ಅದನ್ನು ಎದೆಯ ಮೇಲಿಟ್ಟುಕೊಂಡು ಮಲಗತೊಡಗಿದರು.

ವಯಸ್ಸಿಗೆ ಬಂದವರಿಗೆಲ್ಲ ಖಣಿ ಆಫೀಸಿನವರು ಪಾಟಿಯನ್ನು ಪುಕ್ಕಟೆ ಕೊಡುತ್ತಾರೆ. ಪ್ರತಿ ಯುಗಾದಿಗೆ ಹಳೆಯದನ್ನು ತೆಗೆದುಕೊಂಡು ಅದಕ್ಕಿಂತ ತೆಳ್ಳನೆಯದನ್ನು ಕೊಡುತ್ತಾರೆ. ಬರೆದದ್ದೆಲ್ಲ ಹಳೆಯದರಿಂದ ಹೊಸದಕ್ಕೆ ತಾನಾಗಿ ಇಳಿಯುತ್ತದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಜನ, ಯಾರೂ ಪ್ರಶ್ನೆ ಕೇಳಲಿಲ್ಲ. ನನಗೆ ಮಾತ್ರ ಪ್ರತಿ ಯುಗಾದಿಗೂ ಬೇವಿಗಿಂತ ಕಹಿಯಾಗಿ ಒಂದು ಗುಮಾನಿ ನಾಲಿಗೆಯಲ್ಲಿ ಉಳಿಯುತ್ತಿತ್ತು. ಕೆಳಗಿಳಿದಷ್ಟೂ ಪದರವೇ ತೆಳ್ಳಗಾಗುತ್ತದೆ ಎಂದು ಆಫೀಸಿನವರ ಮಾತು. ನಾನು ತೂಕದ ಕಾಟಾದ ಪಕ್ಕದಲ್ಲಿ ಆಯುಷ್ಯ ಕಳೆದವನು. ಖಣಿಯಿಂದ ಧೂಳು ಒರೆಸುವ ಶೆಡ್ಡಿಗೆ ಹೋಗುವ ಕಲ್ಲು ಯಾವಾಗಲೂ ದಪ್ಪಗೇ ಹೋಗುತ್ತಿತ್ತು, ಬರುವಾಗ ವೀಳ್ಯದೆಲೆಯ ಹಾಗೆ ಬರುತ್ತಿತ್ತು. ಕಲ್ಲು ಸವೆದರೆ ಪುಡಿ ಬೀಳಬೇಕು. ಆ ಪುಡಿ ಎಲ್ಲಿ? ಶೆಡ್ಡಿನ ಹಿಂದೆ ಬೇಲಿ ಹಾರಿ ನೋಡಿ ಬಂದಿದ್ದೇನೆ, ಒಂದು ಬುಟ್ಟಿ ಪುಡಿಯೂ ಇರಲಿಲ್ಲ. ಶೆಡ್ಡಿನ ಕೂಲಿಯವರನ್ನು ಕೇಳಿದರೆ, ನಾವು ಧೂಳು ಒರೆಸ್ತೀವ್ರಿ ಅಷ್ಟ ಅನ್ನುತ್ತಿದ್ದರು. ಇವರೇ ಪುಡಿಯನ್ನು ಕದ್ದು ಎಲ್ಲೋ ಮಾರುತ್ತಿದ್ದಾರೆ ಎಂದು ನಾನು ತೀರ್ಮಾನ ಮಾಡಿದ್ದೆ. ಹಾಗಾಗಿ ಅವರ ತಪಾಸಣೆ ಉಳಿದವರಿಗಿಂತ ಜೋರಾಗಿರುತ್ತಿತ್ತು. ಕೈ ಮೇಲೆತ್ತಿಸಿ, ತಿರುಗಿಸಿ, ಮಡಿಕೆ ಮಡಿಕೆ ಬಿಚ್ಚಿಸಿ ನೋಡುತ್ತಿದ್ದೆ. ಎಂದೂ ಏನೂ ಸಿಗಲಿಲ್ಲ, ಅದರಿಂದ ಗುಮಾನಿ ಇನ್ನೂ ಗಟ್ಟಿಯಾಯಿತು.

ಇನ್ನು ಪಾಟಿ ಬದಲಿನ ಮಾತು. ನಮ್ಮೂರಿನಲ್ಲಿ ಹೆಣ್ಣು ಗಂಡು ಒಪ್ಪಿದ ಮೇಲೆ ನಿಶ್ಚಯಕ್ಕೆ ಮೊದಲು ಎರಡೂ ಮನೆಯವರು ಪಾಟಿ ಬದಲು ಮಾಡಿಕೊಳ್ಳುತ್ತಾರೆ. ಒಂದು ವಾರ ಹುಡುಗನ ಪಾಟಿ ಹುಡುಗಿಯ ಮನೆಯಲ್ಲಿ, ಹುಡುಗಿಯದು ಅವರ ಮನೆಯಲ್ಲಿ. ಹಿರಿಯರು ಓದಿ ನೋಡುತ್ತಾರೆ. ವಾರ ಕಳೆದು ಜಮಖಾನ ಹಾಸಿ ಕೂತಾಗ ಬೀಗರಾಗುವವರ ಪಾಟಿಯನ್ನು ಮುಖ ಮೇಲಾಗಿ ಇಟ್ಟರೆ ಒಪ್ಪಿಗೆ, ಬೋರಲು ಇಟ್ಟರೆ ಇಲ್ಲ. ಕಾರಣ ಕೇಳುವ ಹಾಗಿಲ್ಲ. ಪಾಟಿಯಲ್ಲಿ ಒಂದಿಷ್ಟು ಕೊಳೆ ಇರಬೇಕು ಎಂಬುದು ಎಲ್ಲರಿಗೂ ಗೊತ್ತು: ಗೆಳೆಯನಿಗೆ ಬೈದದ್ದು, ಸೋತ ಪಂದ್ಯ, ಎರಡು ಪೋಲಿ ಹಾಡು. ಅಂಥವನನ್ನು ನಂಬಬಹುದು. ಪೂರಾ ಸ್ವಚ್ಛ ಇದ್ದರೆ ಅದನ್ನು ಬೂದಿ ಹಾಕಿ ತಿಕ್ಕಿದ್ದಾನೆ ಎಂದೇ ಅರ್ಥ. ಹಾಗೆ ತಿಕ್ಕಿಕೊಂಡು ಬಂದ ಒಬ್ಬ ಅಳಿಯನಿಗೆ ಬೇರೆ ಊರಿನಲ್ಲಿ ಸಂಸಾರವಿತ್ತೆಂದು ಮದುವೆಯಾದ ಮೇಲೆ ಗೊತ್ತಾದದ್ದನ್ನು ನಮ್ಮ ಓಣಿ ಇನ್ನೂ ಮರೆತಿಲ್ಲ.

ನನ್ನ ಮಗಳು ದಾಕ್ಷಾಯಿಣಿ ಕೆಳಗೇರಿಯ ಶಾಲೆಯಲ್ಲಿ ಅಕ್ಷರ ತಿದ್ದಿಸುತ್ತಾಳೆ. ಅವಳಿಗೆ ಬಂದ ಎರಡು ಸಂಬಂಧಗಳ ಪಾಟಿಯನ್ನು ನಾನೇ ಬೋರಲು ಹಾಕಿದ್ದೆ. ಒಬ್ಬನ ಪಾಟಿಯಲ್ಲಿ ವಿಪರೀತ ದೇವರನಾಮ, ಇನ್ನೊಬ್ಬ ತನ್ನ ಮುಖವನ್ನೇ ನೋಡಿಕೊಂಡದ್ದು ಜಾಸ್ತಿ. ಅವಳು ಆಗ ಸುಮ್ಮನಿದ್ದಳು. ಮೂರನೆಯದನ್ನು ಅವಳೇ ತಂದಳು. ಹುಡುಗ ಅಡಿವೆಪ್ಪ, ಕೆಳಗೇರಿಯವನು, ಒರೆಸುವ ಶೆಡ್ಡಿನಲ್ಲಿ ಕೆಲಸ. ಅಕ್ಕನ ಮಗಳನ್ನು ಶಾಲೆಗೆ ಬಿಡಲು ಬರುತ್ತಿದ್ದನಂತೆ. ಆ ಹುಡುಗಿ ಎಡಚಿ. ನಮ್ಮಲ್ಲಿ ಪಾಟಿಗೆ ಎಡಗೈ ಮುಟ್ಟಿಸಬಾರದು, ಮುಟ್ಟಿಸಿದರೆ ಪಾಟಿ ಕುರುಡಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಂಥ ಮಕ್ಕಳ ಎಡಗೈಯನ್ನು ಮಾಸ್ತರರು ದಾರದಿಂದ ಬೆನ್ನಿಗೆ ಕಟ್ಟುತ್ತಾರೆ. ದಾಕ್ಷಾಯಿಣಿ ಕಟ್ಟಿರಲಿಲ್ಲ. ಆ ಬಗ್ಗೆ ಮಾತಾಡುತ್ತ ಇಬ್ಬರಿಗೂ ಪರಿಚಯ ಬೆಳೆದಿತ್ತು. ಶೆಡ್ಡಿನವರು ತಮ್ಮ ತಮ್ಮಲ್ಲೇ ಹೆಣ್ಣು ತರುತ್ತಾರೆ, ಹೊರಗಿನವರ ಜೊತೆ ಪಾಟಿ ಬದಲು ಮಾಡಿದ್ದನ್ನು ಯಾರೂ ಕಂಡಿಲ್ಲ. ಅದರಲ್ಲೂ ನನ್ನ ಮೂಗಿಗೆ ಏನೋ ವಾಸನೆ ಹೊಡೆಯಿತು.

ಸೋಮವಾರ ಅವನ ಪಾಟಿ ಬಂತು. ನಾನು ಕೈಕಾಲು ತೊಳೆದು ಕೂತು ಬೆರಳಿಟ್ಟೆ. ಪಾಟಿ ಎಚ್ಚರವಾಯಿತು. ಒಳಗೆ ಏನೂ ಇರಲಿಲ್ಲ. ಜಾರಿಸಿದೆ, ಹಿಂದೆ ಹೋದೆ, ಮುಂದೆ ಬಂದೆ. ಒಂದು ಅಕ್ಷರವಿಲ್ಲ, ಒಂದು ಹಾಡಿಲ್ಲ, ಬೆರಳಿನ ಒಂದು ಗುರುತಿಲ್ಲ.

“ಬೂದಿ ಹಾಕಿ ತಿಕ್ಯಾನ,” ಎಂದೆ.

“ಏನರ ಬರಿಯಾಕ ಪುರಸೊತ್ತ ಇರಲಿಲ್ಲೇನೋ ಪಾಪ,” ಎಂದಳು ಕಾಶವ್ವ.

“ಇಷ್ಟು ವಯಸ್ಸಿನ ಗಂಡಸು ಯಾರಿಗೂ ಬೈದಿಲ್ಲಂದ್ರ ನಂಬತಿಯೇನು? ಮಠದ ಸ್ವಾಮಿಗಳ ಪಾಟ್ಯಾಗೂ ನಾಕ ಬೈಗಳ ಇರತಾವ.”

ದಾಕ್ಷಾಯಿಣಿ ಬಾಗಿಲಲ್ಲಿ ನಿಂತಿದ್ದಳು. ಅವಳು ಕೂಗಾಡುವವಳಲ್ಲ. “ಅಪ್ಪಾ, ಅವರ ಏನೂ ಮುಚ್ಚಿಟ್ಟಿಲ್ಲ ಅಂತ ನನಗ ಗೊತ್ತೈತಿ,” ಎಂದಳು. “ಹೆಂಗ ಗೊತ್ತು ಅಂತ ಕೇಳಬ್ಯಾಡ. ಆದ್ರ ಇದನ್ನೂ ನೀ ಬೋರಲ ಹಾಕಿದ್ರ ಇನ್ನೊಬ್ಬರ ಪಾಟಿ ಈ ಮನಿಗೆ ತರಸಬ್ಯಾಡ. ನಾ ಮದಿವಿ ಮಾತ ಎತ್ತೂದಿಲ್ಲ, ನೀನೂ ಎತ್ತಬ್ಯಾಡ.”

ಅವಳು ಹೇಳಿದಂತೆ ಮಾಡುವವಳೇ. ನನಗೆ ಹೆದರಿಕೆಯಾಯಿತು, ಸುಳ್ಳೇಕೆ. ಒಬ್ಬಳೇ ಮಗಳು. ಮದುವೆ ಮಾಡಿ ಬಾವಿಗೆ ತಳ್ಳುವುದೂ ಆಗದು, ತಳ್ಳುತ್ತೇನೇನೋ ಎಂದು ಹೆದರಿ ಅವಳನ್ನು ಒಂಟಿ ಮಾಡುವುದೂ ಆಗದು. ಆದರೆ ಖಾಲಿ ಪಾಟಿಯ ಮುಂದೆ ಕೂತು ಸುಮ್ಮನಿರುವುದು ನನ್ನ ಕೈಲಾಗುವ ಕೆಲಸವಲ್ಲ. ಮರುದಿನವೇ ಚಪ್ಪಲಿ ಮೆಟ್ಟಿ ಕೆಳಗೇರಿಗೆ ಹೊರಟೆ.

ಕೆಳಗೇರಿಯ ಚಹಾದಂಗಡಿಯಲ್ಲಿ ಶೆಡ್ಡಿನ ಮಂದಿ ಕೂತಿದ್ದರು. ನನ್ನನ್ನು ಕಂಡ ಕೂಡಲೇ ಮಾತು ನಿಂತಿತು. ಎಲ್ಲರನ್ನೂ ಒಂದಲ್ಲ ಒಂದು ದಿನ ತಡವಿದವನು ನಾನು. ಅವರು ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಕುಡಿಯುವುದನ್ನು ನೋಡಿದೆ, ಬೆರಳುಗಳನ್ನು ಒಳಕ್ಕೆ ಮಡಿಚಿಕೊಂಡು. ಕೈಯಲ್ಲಿ ಏನೋ ಅಡಗಿಸಿಕೊಂಡಿದ್ದಾರೆ ಎಂದುಕೊಂಡೆ.

“ಅಡಿವೆಪ್ಪ ಹೆಂಗ ಹುಡುಗ?” ಎಂದು ಚಹಾದವನನ್ನು ಕೇಳಿದೆ.

“ಚಲೋ ಹುಡುಗ್ರಿ.”

“ಪಾಟ್ಯಾಗ ಏನೂ ಬರದಿಲ್ಲಲ್ಲ?”

ಚಹಾದವನು ಸ್ಟೋವಿಗೆ ಪಂಪು ಹೊಡೆಯತೊಡಗಿದ. ಬೆಂಚಿನ ಮೂಲೆಯಲ್ಲಿ ಕೂತ ಮುದುಕ ನಕ್ಕ. “ಈ ಓಣ್ಯಾಗ ಯಾರ ಪಾಟಿ ತುಂಬೇತ್ರಿ ನಾಕಾ ಸಾಹೇಬ್ರ?” ಎಂದ. ಉಳಿದವರು ಅವನನ್ನು ಗದರಿಸಿ ಸುಮ್ಮನಾಗಿಸಿದರು. ಓಣಿಗೆ ಓಣಿಯೇ ಬೂದಿ ಹಾಕಿ ತಿಕ್ಕಿಕೊಂಡು ಕೂತಿದೆ ಎಂದರೆ ಇದು ಒಬ್ಬ ಹುಡುಗನ ಸುಳ್ಳಲ್ಲ, ದೊಡ್ಡ ಕೂಟವೇ ಇದೆ ಎಂದು ನನಗೆ ಖಾತ್ರಿಯಾಯಿತು. ನನ್ನ ಪುಡಿಯ ಕಳ್ಳರು ಇವರೇ. ಇಂಥವರ ಮನೆಗೆ ಮಗಳೇ? ಪಾಟಿ ಬೋರಲು ಹಾಕುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಮನೆಗೆ ಬಂದೆ.

ವಾರ ಕಳೆದು ಮುಂದಿನ ಸೋಮವಾರ ಬೆಳಿಗ್ಗೆ ಅಡಿವೆಪ್ಪ ತಾಯಿಯ ಜೊತೆ ಬಂದ. ತಾಯಿ ಫಕೀರವ್ವ, ಗಂಡ ತೀರಿಹೋದ ಮೇಲೆ ಅವಳೂ ಅದೇ ಶೆಡ್ಡಿಗೆ ಹೋಗುತ್ತಾಳೆ. ದಾಕ್ಷಾಯಿಣಿಯ ಪಾಟಿಯನ್ನು ಹೊಸ ರವಿಕೆ ಖಣದಲ್ಲಿ ಸುತ್ತಿ ಎದೆಗವಚಿಕೊಂಡು ಬಂದಿದ್ದಳು. ಜಮಖಾನದ ಮೇಲೆ ಕೂತು, ಬೆಲ್ಲ ನೀರು ಕುಡಿದು, ಯಾರ ಮುಖವನ್ನೂ ನೋಡದೆ ಅದನ್ನು ಮುಖ ಮೇಲಾಗಿ ಇಟ್ಟಳು.

ನನ್ನ ಸರದಿ. ನಿಯಮದಂತೆ ಸುಮ್ಮನೆ ಬೋರಲು ಹಾಕಿ ಎದ್ದಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಸಿಕ್ಕಿಹಾಕಿಸುವ ಚಟ. ಪಾಟಿಯನ್ನು ಅವನ ಮುಂದೆ ಸರಿಸಿ, “ಇದರಾಗ ನಿನ್ನ ಹೆಸರ ಬರಿಯಪ್ಪ,” ಎಂದೆ.

ಅಡಿವೆಪ್ಪ ತಾಯಿಯ ಮುಖ ನೋಡಿದ. ಫಕೀರವ್ವ, “ಹಂಗ ಕೇಳೂ ಪದ್ಧತಿ ಇಲ್ಲ್ರಿ,” ಎಂದಳು.

“ಖಾಲಿ ಪಾಟಿ ಕೊಡೂ ಪದ್ಧತೀನೂ ಇಲ್ಲ. ಬರಿ.”

ಅವನು ಬಲಗೈಯ ತೋರುಬೆರಳು ಇಟ್ಟ. ಪಾಟಿ ಎಚ್ಚರವಾಗಲಿಲ್ಲ. ಮತ್ತೊಮ್ಮೆ ಇಟ್ಟ, ನಡುಬೆರಳು ಇಟ್ಟ, ಹೆಬ್ಬೆಟ್ಟು ಒತ್ತಿದ. ಕಪ್ಪು ಕಲ್ಲು ಕಪ್ಪಾಗಿಯೇ ಇತ್ತು. ನಾನು ಮುಟ್ಟಿದ ಕೂಡಲೇ ಅದು ಎಚ್ಚರವಾಯಿತು. ನಾನು ಗೆದ್ದವನ ಹಾಗೆ ಸುತ್ತಲೂ ನೋಡಿದೆ. “ತನ್ನ ಪಾಟಿ ತನಗ ಏಳೂದಿಲ್ಲಂದ್ರ ಇದು ಯಾರ ಪಾಟಿ? ಯಾರ ಮನಿಯಾಗ ಕದ್ದದ್ದು?”

ಅವನ ಕಿವಿ ಕೆಂಪಾದವು. ಬಲಗೈಯನ್ನು ತಿರುಗಿಸಿ ನನ್ನ ಮುಂದೆ ಹಿಡಿದ. ನಾನು ಮೊದಲ ಸಲ ಒಂದು ಕೈಯನ್ನು ಕೈಯೆಂದು ನೋಡಿದೆ. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹುಣಸೆಬೀಜದ ಹಾಗೆ ನುಣುಪು, ಹೊಳಪು.

“ಪುಡಿ ಹುಡುಕತಿದ್ರಂತಲ್ರೀ ನೀವು,” ಎಂದಳು ಫಕೀರವ್ವ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು. “ಪಾಟಿ ತೆಳ್ಳಗ ಆಗೂದು ಖಣ್ಯಾಗಲ್ಲ, ನಮ್ಮ ಕೈಯಾಗ. ಕಲ್ಲಿಲೆ ತಿಕ್ಕಿದ್ರ ಗೆರಿ ಬೀಳತಾವ, ಅರಬಿಲೆ ತಿಕ್ಕಿದ್ರ ಹೊಳಪ ಬರೂದಿಲ್ಲ. ಬೆರಳಽ ಆಗಬೇಕು. ನೀರ ಹಾಕಿ ಮುಂಜಾನಿಂದ ಸಂಜಿತನಕ ತಿಕ್ಕೂದು. ಪುಡಿ ಅರ್ಧ ಗಟಾರದಾಗ ಹೋಗತೈತಿ. ಇನ್ನರ್ಧ ನಮ್ಮನಿಯವರ ಎದಿಯಾಗ ಕುಂತಿತ್ತು, ಅವರ ಕೂಡನ ಹೋತು. ನಮ್ಮ ಹುಡುಗರ ಬೆರಳಿನ ಗೆರಿ ಅವರಿಗೆ ಪಾಟಿ ಸಿಗೂಕಿಂತ ಮೊದಲ ಹೋಗಿರತಾವ. ಗೆರಿ ಹೋದ ಬೆರಳಿಗೆ ಪಾಟಿ ಏಳೂದಿಲ್ಲ. ಹೇಳಿದ್ರ ಮರುದಿವಸ ಕೆಲಸ ಇರೂದಿಲ್ಲ, ಅದಕ್ಕ ಯಾರೂ ಹೇಳೂದಿಲ್ಲ.”

ಖಣವನ್ನು ಮಡಿಚುತ್ತ ಅವಳೇ ಮುಂದುವರಿಸಿದಳು. “ನಿಮ್ಮ ಮಗಳ ಪಾಟಿ ನಾವು ಓದಿಲ್ಲ್ರಿ. ನಮಗ ಅದು ಏಳಲಿಲ್ಲ. ಓಣಿ ಹುಡುಗರ ಕೈಲೆ ಎಬ್ಬಿಸಿ ಓದಸಬಹುದಿತ್ತು. ಇನ್ನೊಬ್ಬರ ಮನಿ ಮಗಳ ಮನಸು ಬೀದಿ ಹುಡುಗರಿಗೆ ಯಾಕ ತೋರಸೂದು ಅಂತ ದೇವರ ಜಗಲಿ ಮ್ಯಾಲ ಇಟ್ಟು ದೀಪ ಹಚ್ಚಿದ್ವಿ. ಹಂಗಽ ತಂದೀವಿ.”

ಓದದೆ ಮುಖ ಮೇಲಾಗಿ ಇಟ್ಟಿದ್ದಳು. ನನಗೆ ನೆಲದಲ್ಲಿ ಹೂತುಹೋಗಬೇಕು ಅನ್ನಿಸಿತು. ಅವಳ ಗಂಡನ ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಸೊಂಟ ನೆನಪಾಯಿತು, ಕರಿ ಉಡದಾರ, ಹರಿದ ಕಿಸೆ. ದಿನಾ ಸಂಜೆ ಅವನು ನನ್ನ ಮುಂದೆ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. ಎತ್ತು ಎಂದವನು ನಾನೇ. ಅಂಗೈ ನನ್ನ ಕಣ್ಣ ಮುಂದೆಯೇ ಇರುತ್ತಿತ್ತು, ನಾನು ಕೆಳಗೆ ಬಗ್ಗಿ ಕಿಸೆ ತಡವುತ್ತಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಆ ಗಾದೆ ನನಗಾಗಿಯೇ ಹುಟ್ಟಿದ್ದು.

ಅಷ್ಟರಲ್ಲಿ ಒಳಗಿದ್ದ ದಾಕ್ಷಾಯಿಣಿ ಬಂದು ಜಮಖಾನದ ಅಂಚಿನಲ್ಲಿ ಕೂತಳು. ಪಾಟಿಯನ್ನು ಅಡಿವೆಪ್ಪನ ಎಡಕ್ಕೆ ಸರಿಸಿದಳು. “ಎಡಗೈ ಇಡ್ರಿ,” ಎಂದಳು.

ಕಾಶವ್ವ ಬಾಯಿಗೆ ಸೆರಗು ಹಚ್ಚಿದಳು. ಫಕೀರವ್ವ, “ಬ್ಯಾಡವಾ, ಪಾಟಿ ಕುರುಡ ಆಗತೈತಿ,” ಎಂದು ಕೈ ಅಡ್ಡ ತಂದಳು.

“ನಿಮ್ಮ ಮೊಮ್ಮಗಳು ಮಳಿಗಾಲದಿಂದ ಎಡಗೈಲೇ ಬರಿಯಾಕತ್ತಾಳ್ರಿ. ಸಾಲಿ ಪಾಟಿ ಏನೂ ಕುರುಡಾಗಿಲ್ಲ. ನಾನಽ ನೋಡೇನಿ.”

ಎಡಗೈ ಶೆಡ್ಡಿನಲ್ಲಿ ಪಾಟಿಯನ್ನು ಅರಿವೆಯ ಮೇಲಿಂದ ಹಿಡಿದುಕೊಳ್ಳುವ ಕೈ, ತಿಕ್ಕುವ ಕೈಯಲ್ಲ. ಇಷ್ಟು ವರ್ಷ ಆ ಓಣಿಯಲ್ಲಿ ಒಬ್ಬರೂ ಅದನ್ನು ಇಟ್ಟು ನೋಡಿರಲಿಲ್ಲ. ಯಾಕೆ ಎಂದು ಯಾರನ್ನು ಕೇಳುವುದು, ಸಂಶಯವೇ ಉಸಿರಾದ ನಾನು ಕೂಡ ಆ ಕುರುಡಿನ ಮಾತನ್ನು ಒಂದು ದಿನವೂ ಸಂಶಯಪಟ್ಟಿರಲಿಲ್ಲ. ಅಡಿವೆಪ್ಪ ಎಡಗೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡ. ತೋರುಬೆರಳು ಇಟ್ಟ. ಪಾಟಿ ಎಚ್ಚರವಾಯಿತು. ಅದರ ಬೆಳಕು ಅವನ ಗಲ್ಲದ ಮೇಲೆ ಬಿತ್ತು. ಅವನು ಅಂಕುಡೊಂಕಾಗಿ ‘ಅ’ ಬರೆದ, ಮಗು ಬರೆದ ಹಾಗೆ, ಮತ್ತೆ ಅದನ್ನೇ ನೋಡುತ್ತ ಕೂತ. ಫಕೀರವ್ವ ಅಳತೊಡಗಿದಳು. ಆ ಪಾಟಿಯನ್ನು ಜಮಖಾನದ ನಡುವೆ ಮುಖ ಮೇಲಾಗಿ ಇಟ್ಟವಳು ನನ್ನ ಮಗಳು. ನಾನು ಬರೀ ಹೂಂ ಎಂದೆ.

ಮದುವೆಯಾಯಿತು. ಅಳಿಯನ ಪಾಟಿ ಎಡಗೈ ಬರಹದಿಂದ ತುಂಬತೊಡಗಿತು. ಕೆಳಗೇರಿಯವರು ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಎಡಗೈ ಇಟ್ಟು ನೋಡಿದರು. ಚಹಾದಂಗಡಿಯ ಆ ಮುದುಕ ಮೊದಲು ಬರೆದದ್ದು ನನ್ನ ಮೇಲೆ ಒಂದು ಬೈಗುಳವಂತೆ. ಬರೆಯಲಿ, ಅವನಿಗೆ ಹಕ್ಕಿದೆ. ಅಳಿಯ ಮಗಳಿಗೆ ಬೆಳಿಗ್ಗೆ ಬರೆದಿಟ್ಟು ಹೋಗುತ್ತಿದ್ದ ಮಾತುಗಳನ್ನು ನಾನು ಓದುವುದಿಲ್ಲ. ಒಮ್ಮೆ ಓದಿದೆ. ತಪ್ಪೇನೂ ಸಿಗಲಿಲ್ಲ.

ಮುಂದಿನ ಯುಗಾದಿಗೆ ಅಳಿಯ ಮಗಳು ಹೋಳಿಗೆ ಊಟಕ್ಕೆ ಬಂದರು. ಆಫೀಸಿನ ಬಂಡಿ ಆಗಲೇ ಬಂದು ಹೊಸ ಪಾಟಿ ಕೊಟ್ಟು ಹೋಗಿತ್ತು. ನಾನು ಅಂಗೈಯಲ್ಲಿ ತೂಗಿ ನೋಡಿದೆ. ಇಷ್ಟು ಹಗುರ ಎಂದೂ ಇರಲಿಲ್ಲ, ಬಿಸಿಲಿಗೆ ಹಿಡಿದರೆ ಆಚೆಯ ಬೇವಿನ ಮರ ಮಸುಕಾಗಿ ಕಾಣುತ್ತಿತ್ತು. ಸವೆದ ಬಲಗೈ ಒಂದರಿಂದಲೇ ಇಷ್ಟು ತೆಳ್ಳಗೆ ತಿಕ್ಕಲು ಆದೀತೇ? ಹಳೆಯ ಗುಮಾನಿ ಮತ್ತೆ ನಾಲಿಗೆಗೆ ಬಂತು.

“ಈ ಸಲ ಯಾವ ಕೈಯಪ್ಪ?” ಎಂದು ಕೇಳಿದೆ.

ಅಡಿವೆಪ್ಪ ಎಡಗೈಯನ್ನು ತಿರುಗಿಸಿ ತೋರಿಸಿದ, ಅದರ ಬೆರಳುಗಳಲ್ಲೂ ಗೆರೆ ಇರಲಿಲ್ಲ. ದಾಕ್ಷಾಯಿಣಿ ಬೇರೆ ಕಡೆ ನೋಡುತ್ತಿದ್ದಳು. ಅವನ ಪಾಟಿಯಲ್ಲಿ ಶಿವರಾತ್ರಿಯಿಂದ ಈಚೆಗೆ ಏನೂ ಇಲ್ಲ ಎಂದು ಅವಳು ಆಮೇಲೆ ಹೇಳಿದಳು.

ನನಗೆ ಅನ್ನ ಸೇರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನಕಾಯಿ ಭರಣಿಯ ಮೇಲಿನ ಅಜ್ಜನ ಪಾಟಿಯನ್ನು ಎರಡೂ ಕೈಯಿಂದ ಎತ್ತಿದೆ. ಎಣ್ಣೆ ಜಿಡ್ಡು ಹೋಗುವಂತೆ ತೊಳೆದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಅಟ್ಟದಲ್ಲಿ ಹುಡುಕಿ ಅದರ ಕಬ್ಬಿಣದ ಕಡ್ಡಿಯನ್ನೂ ತೆಗೆದೆ. ಅದಕ್ಕೆ ಬೆರಳ ಗೆರೆ ಬೇಕಿಲ್ಲ, ಹಿಡಿಯುವುದಕ್ಕೆ ಒಂದು ಮುಷ್ಟಿ ಇದ್ದರೆ ಸಾಕು. ಇಳಿಹೊತ್ತಿಗೆ ಅದು ಕೆಮ್ಮಿದವರ ಹಾಗೆ ಮಿನುಗಿ ಎದ್ದಿತು. ಕೆಳಗೆ ತಂದು ಅಳಿಯನ ತೊಡೆಯ ಮೇಲಿಟ್ಟೆ. ಅವನು ಕಡ್ಡಿ ಹಿಡಿದು ದಾಕ್ಷಾಯಿಣಿ ಎಂದು ಗೀಚಿದ. ಪಾಟಿ ಬಹಳ ಹೊತ್ತು ಯೋಚಿಸಿ, ಸರಿಯಾಗಿಯೇ ತೋರಿಸಿತು.

“ಭರಣಿ ಹಂಗ ತಗದ ಇಟ್ರಲ್ರೀ, ಅದಕ್ಕೇನ ಮುಚ್ಚಲಿ?” ಎಂದು ಒಳಗಿಂದ ಕಾಶವ್ವ ಕೂಗಿದಳು.

ಅಡಿವೆಪ್ಪ ಪಕ್ಕದಲ್ಲಿದ್ದ ಹೊಸ ಪಾಟಿಯನ್ನು ಎತ್ತಿ ಕೊಟ್ಟ. “ಇದನ್ನ ಮುಚ್ಚರಿ ಅತ್ತಿ.”

ಕಾಶವ್ವ ಅದನ್ನು ಹಿಡಿದು ನೋಡಿದಳು. “ಅಯ್ಯ, ಇದಕ್ಕ ತೂಕಾನ ಇಲ್ಲಲ್ಲೋ ಯಪ್ಪಾ. ಬೆಕ್ಕ ಸರಸತೈತಿ.”

“ಮ್ಯಾಲ ಒಂದ ಕಲ್ಲ ಇಡ್ರಿ,” ಎಂದ.